ಬಿ.ಎಸ್ಸಿ. ಅಂದ್ರ ಎಲ್ಲಾ ಒಂದ ಅಲ್ರಿ

ಜೂನ್ ಬಂತಂದ್ರ ನಮ್ಮ ಓಣ್ಯಾಗ ಒಂದ ಮಾತು: "ನೀಟ್ ಆಗಲಿಲ್ರಿ ವೈನಿ, ಬಿ.ಎಸ್ಸಿ.ಗೆ ಹಚ್ಚೀವಿ." ಯಾವ ಬಿ.ಎಸ್ಸಿ. ಅಂತ ಕೇಳಿದ್ರ, "ಸೈನ್ಸ್ ರೀ. ಸೀಟ ಇತ್ತು, ಬಸ್ಸೂ ಐತಿ." ಸೀಟು, ಬಸ್ಸು ನೋಡಿ ಹುಡಗೀದು ಮೂರು ವರ್ಷ ಬರದ ಕೊಡೂದು ಯಾವ ಶ್ಯಾಣೇತನ? ಸೀರಿ ತರಾಕ ಹೋದ್ರ ಬನಹಟ್ಟ್ಯಾಗ ಹತ್ತ ಅಂಗಡಿ ಹತ್ತಿ ಇಳೀತೀವಿ, ಸೆರಗ ಜಗ್ಗಿ ನೋಡ್ತೀವಿ. ಮಗಳ ಓದಿಗೆ ಮಾತ್ರ ಕೌಂಟರಿನ್ಯಾಗ ಕುಂತಾಂವ ಹೇಳಿದ್ದ ವೇದ!

ಹೃದಯ ಹೆಂಗ ಬಡೀತೈತಿ, ಮೂತ್ರಪಿಂಡ ಹೆಂಗ ಸೋಸ್ತೈತಿ ಅಂತ ಕಲಿಬೇಕನ್ನೂ ಹುಡಗ್ಯಾರು ನಮ್ಮಲ್ಲೂ ಅದಾರ. ಆ ವಿದ್ಯಾಕ್ಕ ಫಿಸಿಯಾಲಜಿ ಅಂತಾರ. ನಮ್ಮ ಕಡೆ ಡಿಗ್ರಿ ಕಾಲೇಜಿನ್ಯಾಗ ಆ ಹೆಸರಿನ ಬೋರ್ಡ ಹುಡಕಬ್ಯಾಡ್ರಿ, ಅದು ಪ್ರಾಣಿಶಾಸ್ತ್ರದ ಹೊಟ್ಟ್ಯಾಗ ಕುಂತಿರತೈತಿ. ನರ್ಸಿಂಗ್, ಫಿಸಿಯೋಥೆರಪಿ ಹಿಡದ್ರ ಮೊದಲ ವರ್ಷದಾಗ ನೇರ ಬರ್ತೈತಿ. ಬಿ.ಎಸ್ಸಿ. ಮ್ಯಾಲ ಮೆಡಿಕಲ್ ಕಾಲೇಜಿನ್ಯಾಗ ಎಂ.ಎಸ್ಸಿ. ಫಿಸಿಯಾಲಜಿನೂ ಐತಿ, ಮೂರು ವರ್ಷದ್ದು. ಇಷ್ಟ ಮಾತು ಹುಡಗೀಗೆ ಯಾರ ಹೇಳ್ಯಾರ? ಪಿಯುದಾಗ "ಕಂಪ್ಯೂಟರ್ ಚಲೋ" ಅಂತ ಜೀವಶಾಸ್ತ್ರ ಬಿಡಸ್ತಾರ, ಆವತ್ತ ಈ ಬಾಗಲಾ ಮುಚ್ಚತಾವು. ಡಿಗ್ರ್ಯಾಗ "ಕೆಮಿಸ್ಟ್ರಿ ಕಠಿಣ" ಅಂತ ಅದನ್ನ ಬಿಡಸ್ತಾರ. ರಕ್ತದಾಗಿನ ಉಪ್ಪು, ಸಕ್ರಿ, ಆಮ್ಲ ಎಲ್ಲಾ ಕೆಮಿಸ್ಟ್ರಿನ ಅಲ್ಲೇನ್ರಿ ಮತ್ತ?

ಸರಕಾರಾನೂ ಕಡಿಮಿ ಇಲ್ಲ. 2021ರಾಗ ನಾಲ್ಕ ವರ್ಷದ ಡಿಗ್ರಿ ತಂದ್ರು, ಎರಡ ಮುಖ್ಯ ವಿಷಯ ಅಂದ್ರು. 2024ರಾಗ ತಿರಗಿ ಮೂರ ವರ್ಷ, ಮೂರ ವಿಷಯ. ಅಕ್ಕನ ಪುಸ್ತಕ ತಂಗೀಗೆ ಬರೂದಿಲ್ಲ, ಅಕ್ಕ ಹೇಳೂ ಬುದ್ಧಿನೂ ಬರೂದಿಲ್ಲ. ಇಂಥಾದ್ರಾಗ ಕಾಲೇಜಿನವ್ರು ಫೀ ಪಾವತಿ ಹರದ ಕೊಡಾಕ ಇಬ್ಬರನ ಕುಂಡ್ರಸ್ತಾರ, ವಿಷಯ ತಿಳಿಸಿ ಹೇಳಾಕ ಒಬ್ಬ ಲೆಕ್ಚರರ್‌ನೂ ಕುಂಡ್ರಸೂದಿಲ್ಲ. ಇದಕ್ಕ ಸಿಟ್ಟ ಬರ್ತೈತಿ ನನಗ.

"ಹೆಂಗರೆ ಡಿಗ್ರಿ ಆಗಲಿ, ಮುಂದ ಮದಿವಿ ಐತಿ" ಅನ್ನೂ ಕಾಕುಗೋಳಿಗೆ ಒಂದ ಕೇಳ್ತೀನಿ. 1989ರಾಗ ನಮ್ಮ ಚಿಕ್ಕಪಡಸಲಗ್ಯಾಗ ಕೃಷ್ಣಾ ಹೊಳಿಗೆ ರೈತರ ತಾವ ನಿಂತ ಬ್ಯಾರೇಜ್ ಕಟ್ಟಿದ್ರು. ಹೊಳಿ ಅಳತಿ ನೋಡಲಾರದ "ಹೆಂಗರೆ ಒಂದ ಗ್ವಾಡಿ ಆಗಲಿ" ಅಂದಿದ್ರ ಒಂದ ಮಳಿಗಾಲಾ ನಿಂದರತಿತ್ತೇನು?

ಬಾಗಲಕೋಟ ವಿಶ್ವವಿದ್ಯಾಲಯ ಈಗ ಜಮಖಂಡ್ಯಾಗನ ಐತಿ, ಸಿಲೆಬಸ್ ಕೇಳಾಕ ದೂರ ಹೋಗೂದ ಬ್ಯಾಡ. ಫೀ ಕಟ್ಟೂ ಮುಂಚೆ ಕೇಳ್ರಿ: ಮೂರೂ ವರ್ಷ ಏನೇನ ಕಲಸ್ತೀರಿ, ಫಿಸಿಯಾಲಜಿ ಯಾವ ಸೆಮಿಸ್ಟರ್‌ದಾಗ ಬರ್ತೈತಿ, ಲ್ಯಾಬ್ ತೋರಸ್ರಿ, ಇದನ್ನ ಓದಿದ್ರ ಮುಂದ ಯಾವ ಎಂ.ಎಸ್ಸಿ.ಗೆ ಅರ್ಜಿ ಹಾಕಬಹುದು. ಕನ್ನಡದಾಗ ಒಂದ ಹಾಳ್ಯಾಗ ಬರದ ಕೊಡ್ರಿ ಅನ್ರಿ. ಹುಡಗೀನ್ನ ಬಾಜೂಕ ಕುಂಡ್ರಿಸಿಕೊಂಡ ಕೇಳ್ರಿ, ಹೊರಗ ನಿಲ್ಲಸಬ್ಯಾಡ್ರಿ.