ಮಲ್ಲವ್ವನೂ ಮಲ್ಲಿಗೆಯೇ

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತೆಂದರೆ ನಮ್ಮ ಬಾದಾಮಿ, ಹುನಗುಂದ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ತಕರಾರು. "ನಮ್ಮವ್ವನ ಹೆಸರು ಮಲ್ಲವ್ವ, ಅದನ್ನ ಇಡೂಣ" ಎಂದು ಅತ್ತೆ. "ಸಾಲ್ಯಾಗ ಹುಡುಗೂರು ನಗ್ತಾವ್ರೀ ಅತ್ತಿ, ಮಲ್ಲಿಕಾ ಅಂತ ಇಡೂಣ" ಎಂದು ಸೊಸೆ. ಎರಡೂ ಒಂದೇ ಬಳ್ಳಿಯವು ಎಂದು ಇಬ್ಬರಿಗೂ ಹೊಳೆಯುವುದಿಲ್ಲ!

ಮಲ್ಲಿಕಾ ಸಂಸ್ಕೃತದ ಮಾತು. ನಾವು ಮುಡಿಯುವ ಮಲ್ಲಿಗೆಯೇ ಅದು. ಮಲ್ಲವ್ವ ಬಂದದ್ದು ಸ್ವಲ್ಪ ಸುತ್ತುದಾರಿಯಲ್ಲಿ. ಶ್ರೀಶೈಲದ ಮಲ್ಲಿಕಾರ್ಜುನ ನಮ್ಮ ಜನರ ಬಾಯಲ್ಲಿ ಮಲ್ಲಯ್ಯನಾದ. ಅವನ ಹೆಸರಿನಲ್ಲಿ ಗಂಡಾದರೆ ಮಲ್ಲಪ್ಪ, ಹೆಣ್ಣಾದರೆ ಮಲ್ಲವ್ವ, ಮಲ್ಲಮ್ಮ. ಚಂದ್ರಾವತಿ ಎಂಬ ಅರಸುಮಗಳು ದಿನವೂ ಲಿಂಗಕ್ಕೆ ಮಲ್ಲಿಗೆ ಏರಿಸಿದ್ದರಿಂದ ದೇವರಿಗೆ ಆ ಹೆಸರು ಬಂತೆಂದು ಅಲ್ಲಿಯ ಕಥೆ. ಅರ್ಜುನ ಎಂದರೆ ಬಿಳುಪು. ಮತ್ತಿಮರ ಎಂದೂ ಅರ್ಥವುಂಟು. ಮಲ್ಲ ಎಂದರೆ ಜಟ್ಟಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಮಾತೂ ಇದೆ. ಆದರೆ ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವ ಮನೆಯವರು ಜಟ್ಟಿಯನ್ನು ನೆನೆದು ಹೆಸರಿಟ್ಟಾರೆಯೇ?

ಅಷ್ಟು ದೂರ ಯಾಕೆ, ಮಹಾಕೂಟವನ್ನೇ ನೋಡಿ. ಹೊಂಡದಲ್ಲಿ ಮಿಂದು, ಮಹಾಕೂಟೇಶ್ವರನಿಗೆ ಕೈಮುಗಿದು ಬಂದುಬಿಡುತ್ತೇವೆ. ಅದೇ ಆವರಣದ ಇನ್ನೊಂದು ದೊಡ್ಡ ಗುಡಿ ಮಲ್ಲಿಕಾರ್ಜುನನದು. ಪಟ್ಟದಕಲ್ಲಿನ ಮಲ್ಲಿಕಾರ್ಜುನ ಗುಡಿಯ ಸಂಗತಿ ಇನ್ನೂ ಸ್ವಾರಸ್ಯದ್ದು. 8ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವಳು ಎರಡನೇ ವಿಕ್ರಮಾದಿತ್ಯನ ರಾಣಿ ತ್ರೈಲೋಕ್ಯಮಹಾದೇವಿ. ಅವಳ ಹೆಸರಿನಿಂದ ಆಗ ಅದು ತ್ರೈಲೋಕೇಶ್ವರ. ಈಗ ಜನ ಅನ್ನುವುದು ಮಲ್ಲಿಕಾರ್ಜುನ ಗುಡಿ ಎಂದೇ. ರಾಣಿಯ ಹೆಸರು ಹಿಂದೆ ಸರಿಯಿತು, ಹೂವಿನದು ಉಳಿಯಿತು!

ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಗಾಯಕ ಮಲ್ಲಿಕಾರ್ಜುನ ಮನಸೂರರೂ (1910–1992) ಇದೇ ಹೂವಿನ ಹೆಸರು ಹೊತ್ತವರು. ಅವರನ್ನು ಯಾರಾದರೂ ನಕ್ಕರೇ?

ತೀರಿಕೊಂಡ ತಾಯಿಯನ್ನು ಮತ್ತೊಮ್ಮೆ ಹೆಸರು ಹಿಡಿದು ಕೂಗುವ ಆಸೆ ಅತ್ತೆಯದು. ಅವರೆದುರು "ಹಳೇ ಹೆಸರು" ಎಂದು ಮೂಗು ಮುರಿಯಬೇಡಿ. "ನಿಮ್ಮವ್ವನ ಹೆಸರಿನಾಗೂ ಇದ ಹೂವು ಐತ್ರೀ" ಎಂದು ಬಿಡಿಸಿ ಹೇಳಿ. ನನ್ನನ್ನು ಕೇಳಿದರೆ ಎರಡೂ ಇರಲಿ.

ಕಾಗದಪತ್ರದ ವಿಷಯದಲ್ಲಿ ಮಾತ್ರ ತಡ ಬೇಡ. ಜನನ ನೋಂದಣಿಯಲ್ಲಿ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನಕ್ಕೆ ಪುರಾವೆ ಆ ಜನನ ಪತ್ರವೇ. ಅದರಲ್ಲಿ ಬೇಕಾದರೆ ಮಲ್ಲಿಕಾ ಎಂದು ಬರೆಸಿ. ತೊಟ್ಟಿಲ ಹತ್ತಿರ ಸೋದರತ್ತೆ ಕಿವಿಯಲ್ಲಿ ಮಲ್ಲವ್ವ ಎಂದೇ ಹೇಳಲಿ.