ಕಂಠಕ್ಕೊಂದು ಮುಖ

ಹಿನ್ನೆಲೆ ಗಾಯಕನ ಕೀರ್ತಿ ವಿಚಿತ್ರವಾದುದು. ಅವನ ಕಂಠವನ್ನು ನಾಡೆಲ್ಲ ಬಲ್ಲದು. ಅವನೇ ಎದುರಿಗೆ ಬಂದು ನಿಂತರೆ ಗುರುತಿಸುವವರು ವಿರಳ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಟೆಂಟ್ ಸಿನಿಮಾಗಳಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ನನ್ನಂಥವರು, ಶಮ್ಮಿ ಕಪೂರರು ತುಟಿಯಾಡಿಸಿದ ಹಾಡು ಶಮ್ಮಿ ಕಪೂರರದೇ ಎಂದು ಬಹುಕಾಲ ನಂಬಿದ್ದೆವು. ಮೊಹಮ್ಮದ್ ರಫಿ ಎಂಬ ಹೆಸರನ್ನು ನಮಗೆ ಕಲಿಸಿದ್ದು ರೇಡಿಯೋ. ಮುಖ ಕಂಡದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ.

2003ರ ಮೇ 15ರಂದು ಭಾರತೀಯ ಅಂಚೆ ಇಲಾಖೆಯು ರಫಿ, ಮುಖೇಶ್, ಕಿಶೋರ್ ಕುಮಾರ್, ಹೇಮಂತ್ ಕುಮಾರ್ ಈ ನಾಲ್ವರ ಚಿತ್ರವುಳ್ಳ ಐದೈದು ರೂಪಾಯಿಯ ಅಂಚೆಚೀಟಿಗಳನ್ನು ಹೊರತಂದಿತು. ಕಾಗದದ ಚೂರು ಹಾಡಲಾರದು, ನಿಜ. ಆದರೆ ತೆರೆಯ ಹಿಂದೆ ನಿಂತು ಹಾಡಿದವರಿಗೆ ತೆರೆಯ ಮೇಲಿನವರಷ್ಟೇ ಮುಖವುಂಟೆಂದು ಸರ್ಕಾರವೇ ಮುದ್ರೆಯೊತ್ತಿ ಹೇಳಿದಂತಾಯಿತು. ಇದೇ ಸರ್ಕಾರವು 1952ರಲ್ಲಿ, ಬಿ.ವಿ. ಕೇಸ್ಕರರು ಪ್ರಸಾರ ಖಾತೆಯ ಸಚಿವರಾಗಿದ್ದಾಗ, ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿಟ್ಟಿತ್ತು. ಶ್ರೋತೃಗಳು ವಾದಿಸುತ್ತ ಕೂರಲಿಲ್ಲ. ಮುಳ್ಳನ್ನು ರೇಡಿಯೋ ಸಿಲೋನಿನತ್ತ ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಆರಂಭವಾಗಬೇಕಾಯಿತು. ಆದುದರಿಂದ 2003ರ ಗೌರವದಲ್ಲಿ ಕೇಳುಗರ ಪಾಲು ದೊಡ್ಡದೆಂದೇ ನನ್ನ ಎಣಿಕೆ.

ರಫಿಯವರು ನಮಗೆ ಕೇವಲ ಹಿಂದಿಯ ಗಾಯಕರೂ ಅಲ್ಲ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರದಲ್ಲಿ ಅವರು ಹಾಡಿದ ಕನ್ನಡ ಗೀತೆ ಇಂದಿಗೂ ಕೇಳಿಬರುತ್ತದೆ. ಕನ್ನಡ ತಮ್ಮ ನುಡಿಯಲ್ಲದಿದ್ದರೂ ಆ ವಿಷಾದವನ್ನು ಅವರು ನಮ್ಮವರಂತೆಯೇ ಹಾಡಿದರು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತಿಗೆ ಬರಬೇಕು. 2009ರ ನವೆಂಬರ್ 1ರಂದು ಡಾ. ರಾಜಕುಮಾರರ ಅಂಚೆಚೀಟಿ ಬಂದಿತು. ಕನ್ನಡಿಗರೆಲ್ಲ ಹಿಗ್ಗಿದರು, ನಾನೂ ಹಿಗ್ಗಿದೆ. ಅವರು ಸ್ವತಃ ಗಾಯಕರು. 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ಆದರೆ 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದೀಚೆಗೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗುವ ಮೊದಲು, 'ಭಕ್ತ ಕನಕದಾಸ'ದಲ್ಲಿಯೂ 'ಕಸ್ತೂರಿ ನಿವಾಸ'ದಲ್ಲಿಯೂ ಆ ಮುಖದಿಂದ ಹೊಮ್ಮಿದ ಕಂಠ ಪಿ.ಬಿ. ಶ್ರೀನಿವಾಸರದು. ಕಾಕಿನಾಡದಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ, ಉರ್ದುವೂ ಸೇರಿ ಹಲವು ಭಾಷೆಗಳಲ್ಲಿ ಕವಿತೆ ಬರೆದ ಆ ಸೌಮ್ಯ ವ್ಯಕ್ತಿಯ ದನಿಯಿಲ್ಲದೆ ಅಂದಿನ ಕನ್ನಡ ಚಿತ್ರಗಳನ್ನು ನೆನೆಯುವುದಾದರೂ ಹೇಗೆ?

2016ರ ಡಿಸೆಂಬರಿನಲ್ಲಿ ಇಲಾಖೆಯು ಮತ್ತೊಮ್ಮೆ ಗಾಯಕರ ಚೀಟಿಗಳ ಮಾಲೆಯನ್ನು ಪ್ರಕಟಿಸಿತು. ರಫಿ ಮತ್ತೆ ಬಂದರು, ಮನ್ನಾ ಡೇ ಬಂದರು, ತಮಿಳಿನ ಟಿ.ಎಂ. ಸೌಂದರರಾಜನ್ ಬಂದರು. ಶ್ರೀನಿವಾಸರು ಬರಲಿಲ್ಲ. ಬದುಕಿರುವವರ ಚಿತ್ರವನ್ನು ಸಾಮಾನ್ಯವಾಗಿ ಮುದ್ರಿಸುವುದಿಲ್ಲವೆಂಬ ಪದ್ಧತಿ ಇಲ್ಲಿ ಅಡ್ಡಬರುವಂತಿರಲಿಲ್ಲ (ಅದಕ್ಕೂ ಅಪವಾದವುಂಟು, ಸರ್ ಎಂ. ವಿಶ್ವೇಶ್ವರಯ್ಯನವರು 1960ರಲ್ಲಿ ತಮ್ಮ ಚೀಟಿಯನ್ನು ತಾವೇ ಕಂಡರು). ಶ್ರೀನಿವಾಸರು ತೀರಿಕೊಂಡದ್ದು 2013ರ ಏಪ್ರಿಲಿನಲ್ಲಿ, ಸೌಂದರರಾಜನ್ ಮೇ ತಿಂಗಳಲ್ಲಿ, ಮನ್ನಾ ಡೇ ಅಕ್ಟೋಬರಿನಲ್ಲಿ. ಒಂದೇ ವರ್ಷ ಅಗಲಿದ ಮೂವರಲ್ಲಿ ಇಬ್ಬರಿಗೆ ಸಂದದ್ದು ಮೂರನೆಯವರಿಗೆ ಸಲ್ಲಲಿಲ್ಲ.

ಕರ್ನಾಟಕವನ್ನು ಅಂಚೆ ಇಲಾಖೆ ಮರೆತಿದೆಯೆಂದು ದೂರುವುದು ಅನ್ಯಾಯವಾದೀತು. 2014ರ ಸೆಪ್ಟೆಂಬರಿನಲ್ಲಿ ಬಂದ ಎಂಟು ಸಂಗೀತಗಾರರ ಚೀಟಿಗಳಲ್ಲಿ ನಾಲ್ವರು ನಮ್ಮ ನೆಲದಲ್ಲಿ ಹುಟ್ಟಿದವರು: ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ. ಶಾಸ್ತ್ರೀಯ ಸಂಗೀತಕ್ಕೆ ಬಿನ್ನಹ ಮಾಡುವ ಸಭೆಗಳೂ ಶಿಷ್ಯರೂ ಇರುತ್ತಾರೆ. ಚಿತ್ರಗೀತೆಗೆ ಇರುವವರು ಕೇಳುಗರು ಮಾತ್ರ. ಕೇಳುಗರು ಅರ್ಜಿ ಬರೆಯುವುದಿಲ್ಲ.

ಕಾಗದ ಬರೆಯುವ ರೂಢಿಯೇ ತಪ್ಪಿರುವಾಗ ಚೀಟಿಯೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಲಕೋಟೆಗೆ ಅಂಟಿಸುವುದಕ್ಕಲ್ಲ. ಸ್ಮಾರಕ ಚೀಟಿಯೊಂದಿಗೆ ಇಲಾಖೆಯು ಆ ವ್ಯಕ್ತಿಯ ಪರಿಚಯಪತ್ರವನ್ನೂ ಅಚ್ಚುಹಾಕಿಸುತ್ತದೆ. ಹಾಡು ಯಾರದೆಂಬುದು ಮರೆತುಹೋದ ಕಾಲಕ್ಕೂ ಅದು ಉಳಿಯುತ್ತದೆ.

2030ರ ಸೆಪ್ಟೆಂಬರ್ 22ಕ್ಕೆ ಶ್ರೀನಿವಾಸರು ಹುಟ್ಟಿ ನೂರು ವರ್ಷ. ಇಂತಹ ಸೂಚನೆಗಳನ್ನು ಸಾರ್ವಜನಿಕರೂ ಕಳುಹಿಸಬಹುದು; ಆದರೆ ಬಹಳ ಮುಂಚಿತವಾಗಿ ಕಳುಹಿಸಬೇಕು. ನಾಲ್ಕು ತಾಲ್ಲೂಕುಗಳ ಕನ್ನಡ ಅಧ್ಯಾಪಕರಲ್ಲಿ ಯಾರಾದರೂ ಸಹಿ ಹಾಕುವುದಾದರೆ ಒಕ್ಕಣೆಯನ್ನು ನಾನು ಬರೆದುಕೊಡುತ್ತೇನೆ.