ಎದೆಯ ಭಾರಕ್ಕೆ ಯಾವ ಭಾಷೆಯಲ್ಲಿ ಅಂಕ ಹಾಕುತ್ತೀರಿ?

ಕನ್ನಡಿಗರೇ,

ಹುನಗುಂದ ಸೀಮೆಯ ರಾಮಥಾಳದ ಹೆಸರು ಹನಿ ನೀರಾವರಿಯಿಂದ ನಾಡಿಗೆಲ್ಲ ಗೊತ್ತಾಗಿದೆ. ಹೊಲಕ್ಕೆ ಎಷ್ಟು ಹನಿ ಬೀಳಬೇಕೆಂದು ಅಳೆಯುವ ಸರ್ಕಾರ, ಆ ಹೊಲದ ರೈತನ ಮನಸ್ಸು ಎಷ್ಟು ಒಣಗಿದೆ ಎಂದು ಅಳೆಯುವುದು ಯಾವಾಗ? ಅಳೆದರೂ ಯಾವ ಭಾಷೆಯಲ್ಲಿ?

ಖಿನ್ನತೆಯನ್ನು ತೋರಿಸುವ ಎಕ್ಸ್-ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಇರುವುದು ಮಾತೊಂದೇ! ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ‘ಪಿಎಚ್‌ಕ್ಯೂ-9’ ಪ್ರಶ್ನಾವಳಿಯನ್ನು ಅಮೆರಿಕದ ತಜ್ಞರು 2001ರಲ್ಲಿ ಪ್ರಕಟಿಸಿದರು. 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಅಂಕ 10 ಅಥವಾ ಹೆಚ್ಚಾದರೆ ವೈದ್ಯರು ಕೂತು ವಿಚಾರಿಸಬೇಕು. ಅಂಕವೇ ರೋಗನಿರ್ಣಯವಲ್ಲ, ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಇಂಥದೇ ದಣಿವು ತರುತ್ತವೆ.

ಕನ್ನಡ ಅನುವಾದ ಇದೆ, ನಿಜ. ಕಾಗದದ ಕನ್ನಡ ಸಾಕೇ? ‘ಖಿನ್ನತೆ ಕಾಡುತ್ತಿದೆಯೇ?’ ಎಂದರೆ ನಮ್ಮ ತಾಯಿ ಬಾಯಿ ಬಿಡುವುದಿಲ್ಲ. ‘ಯವ್ವಾ, ಮನಸ್ಸಿಗೆ ಭಾಳ ಬ್ಯಾಸರ ಆಗೇತೇನು?’ ಎಂದು ಕೇಳಿ ನೋಡಿ! ‘ಎದಿ ಭಾರ ಆಗೇತ್ರಿ, ನಿದ್ದಿ ಹತ್ತವಲ್ದು, ಜೀವಾನ ಬ್ಯಾಡಾಗೇತಿ’ ಎನ್ನುತ್ತಾಳೆ. ಕನ್ನಡ ಬಾರದ ವೈದ್ಯ ಇದನ್ನು ಏನೆಂದು ಬರೆದುಕೊಂಡಾನು? ಎದೆನೋವು ಎಂದು!

ಏಳನೇ ಪ್ರಶ್ನೆ, ಪತ್ರಿಕೆ ಓದುವಾಗ, ಟಿ.ವಿ. ನೋಡುವಾಗ ಗಮನ ನಿಲ್ಲುವುದೇ ಎನ್ನುತ್ತದೆ. ಅಕ್ಷರ ಕಲಿಯದ ಕೂಲಿ ಹೆಣ್ಣುಮಗಳು ಏನು ಹೇಳಬೇಕು? ಜೋಳದಲ್ಲಿನ ಹರಳು ಆರಿಸುವಾಗ, ಮಗ್ಗದ ಮುಂದೆ ಕೂತಾಗ ಲಕ್ಷ್ಯ ನಿಲ್ಲುತ್ತದೆಯೇ ಎಂದು ಕೇಳಿ. ‘ಕಳೆದ ಎರಡು ವಾರ’ ಎಂಬುದನ್ನು ‘ಎರಡು ಸಂತಿ ಆತು’ ಎಂದು ಕೇಳಿ.

ಒಂಬತ್ತನೆಯದು ಸಾವಿನ ಯೋಚನೆ ಕುರಿತ ಪ್ರಶ್ನೆ. ಭಾಷೆ ತಿಳಿಸಲು ಗಂಡನನ್ನೋ ಮಗನನ್ನೋ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಹೆಣ್ಣುಮಗಳು ನಿಜ ಹೇಳಿಯಾಳು? ಇಲ್ಲಿ ಕನ್ನಡ ಬರೀ ಅಭಿಮಾನದ ಮಾತಲ್ಲ, ಜೀವ ಉಳಿಸುವ ಮಾತು!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ ಏನನ್ನುತ್ತದೆ? ಕಾಯಿಲೆ, ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎನ್ನುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು!

ಕನ್ನಡಕ್ಕೆ ಶಕ್ತಿಯಿಲ್ಲ ಎನ್ನುವವರು ಕೇಳಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಕನ್ನಡದಲ್ಲೇ ಪುಸ್ತಕದ ಮೇಲೆ ಪುಸ್ತಕ ಬರೆದರು. ಕೂಡಲಸಂಗಮ ಹುನಗುಂದ ಸೀಮೆಯದೇ. 12ನೇ ಶತಮಾನದಲ್ಲೇ ಶರಣರು ಮನದ ಅಳಲನ್ನು ಜನರ ಕನ್ನಡದಲ್ಲಿ ಬಿಚ್ಚಿಟ್ಟರು. ಆ ಮಣ್ಣಿನ ಮಕ್ಕಳಿಗೆ ತಮ್ಮ ಸಂಕಟ ಹೇಳಿಕೊಳ್ಳಲು ಭಾಷೆ ಇಲ್ಲವೇ?

ನಮ್ಮ ಹಕ್ಕೊತ್ತಾಯ:

1. ಪ್ರಶ್ನಾವಳಿಯನ್ನು ಆಯಾ ಸೀಮೆಯ ಆಡುಮಾತಿಗೆ ತಂದು, ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲೆ ಬಳಸಬೇಕು.

2. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕನ್ನಡ ಕಲಿಯಲೇಬೇಕು. ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಬೇಕು.

3. ಪತ್ತೆಯಾದವರಿಗೆ ಮಾತ್ರೆ, ಆಪ್ತಸಲಹೆ ತಾಲ್ಲೂಕಿನಲ್ಲೇ ಸಿಗಬೇಕು. ಅಂಕ ಹಾಕಿ ಕೈಬಿಡುವುದು ಮೋಸ!

ಬಂಧುಗಳೇ, ಮನೆಯಲ್ಲಿ ಯಾರಾದರೂ ‘ಸಾಕಾಗೇತಿ’ ಎಂದರೆ ನಗಬೇಡಿ, ಬೈಯಬೇಡಿ. ಟೆಲಿ-ಮಾನಸ್ 14416ಕ್ಕೆ ಪುಕ್ಕಟೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಿ!

ಸಿರಿಗನ್ನಡಂ ಗೆಲ್ಗೆ!